ಎಡೆದೊರೆಯ ದಂಡೆದಾರಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಚಾಚಿಕೊಂಡಿರುವ, ಶಾಸನಗಳು ಎಡೆದೊರೆ ನಾಡೆಂದು ಕರೆದಿರುವ ರಾಯಚೂರು ಸೀಮೆಯಲ್ಲಿ ವಾಹನಗಳ ಕಾಟವಿಲ್ಲದೆ ಹತ್ತಾರು ಕಿಲೋಮೀಟರ್ ಸೈಕಲ್ ತುಳಿಯಬೇಕೆನ್ನುವವರಿಗೆ ಲೋಕೋಪಯೋಗಿ ಇಲಾಖೆಯ ನಕ್ಷೆಗಿಂತ ನೀರಾವರಿ ನಿಗಮದ ನಕ್ಷೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಜಾಲಹಳ್ಳಿ, ದೇವದುರ್ಗ, ಗಬ್ಬೂರು, ಮಾನ್ವಿ ಮೊದಲಾದ ಊರುಗಳ ಹೊಲಗಳಿಗೆ ನೀರು ಒಯ್ಯುವ ಕಾಲುವೆಗಳ ಪಕ್ಕದಲ್ಲಿ, ಅವುಗಳ ಮೇಲ್ವಿಚಾರಣೆಗೆಂದು ಹಾಕಿದ ದಾರಿಯೊಂದು ಉದ್ದಕ್ಕೂ ಸಾಗುತ್ತದೆ. ಇಲಾಖೆಯ ಕಡತಗಳಲ್ಲಿ ಇದು ಸೇವಾ ರಸ್ತೆ ಅಥವಾ ಪರಿವೀಕ್ಷಣಾ ಪಥ. ಊರವರ ಬಾಯಲ್ಲಿ ಬರೀ ಕೆನಾಲ್ ದಂಡಿ. ಯಾವ ಪ್ರವಾಸಿ ಕೈಪಿಡಿಯಲ್ಲೂ ಕಾಣಿಸಿಕೊಳ್ಳದ ಈ ದಾರಿ, ಸೈಕಲ್ಲಿಗೆ ಬೇಕಾದ ಗುಣಗಳನ್ನು ಯಾರೂ ಉದ್ದೇಶಿಸದೆಯೇ ಮೈಗೂಡಿಸಿಕೊಂಡಿದೆ.

ದೇವದುರ್ಗ ತಾಲ್ಲೂಕಿನ ಪಶ್ಚಿಮ ಭಾಗದಲ್ಲಿರುವ ಜಾಲಹಳ್ಳಿಯ ಮೂಲಕ ಹಾದುಹೋಗುವ ಮುಖ್ಯ ರಸ್ತೆ ಕಲ್ಮಲಾ, ಗಬ್ಬೂರು ಮತ್ತು ದೇವದುರ್ಗದ ಕಡೆಯಿಂದ ಬಂದು, ಕೃಷ್ಣೆಯನ್ನು ದಾಟುವ ತಿಂಥಣಿ ಬ್ರಿಜ್ ಬಳಿ ಲಿಂಗಸುಗೂರು ಮತ್ತು ಸುರಪುರಗಳನ್ನು ಕೂಡಿಸುವ ಹೆದ್ದಾರಿಯನ್ನು ಸೇರುತ್ತದೆ. ರಾಯಚೂರಿಗೂ ಕಲಬುರಗಿಗೂ ಓಡಾಡುವ ಬಸ್ಸುಗಳು, ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡ ಲಾರಿಗಳು, ಕೃಷ್ಣೆಯ ಮರಳು ಸಾಗಿಸುವ ಟಿಪ್ಪರ್‌ಗಳು, ಹತ್ತಿ ಬಿಡಿಸಲು ಕೂಲಿಯವರನ್ನು ಕೂರಿಸಿಕೊಂಡ ಗೂಡ್ಸ್ ಆಟೊಗಳು ಒಂದೇ ಡಾಂಬರಿನ ಮೇಲೆ ಓಡುವಾಗ ಸೈಕಲ್ಲಿನವನಿಗೆ ಉಳಿಯುವುದು ಡಾಂಬರು ಮುಗಿದು ಗರಸು ಶುರುವಾಗುವ ಅಂಚು ಮಾತ್ರ. ಎದುರಿನಿಂದ ಲಾರಿ ಬಂದಾಗ ಆ ಅಂಚನ್ನೂ ಬಿಟ್ಟು ಕೆಳಗಿಳಿಯಬೇಕಾಗುತ್ತದೆ. ಶಾಲೆಯ ಹುಡುಗನೊಬ್ಬ ದಿನಕ್ಕೆರಡು ಸಲ ಹೀಗೆ ಕೆಳಗಿಳಿಯಬೇಕಾದ ಊರಿನಲ್ಲಿ, ಕೂಗಳತೆಯಷ್ಟು ದೂರದ ಹೊಲಗಳ ನಡುವೆ ಖಾಲಿ ಬಿದ್ದಿರುವ ದಂಡೆದಾರಿಯ ಬಗ್ಗೆ ಮಾತಾಡುವುದು ವಿಹಾರದ ವಿಷಯಕ್ಕಷ್ಟೇ ನಿಲ್ಲುವುದಿಲ್ಲ.

ಈ ದಾರಿ ಹುಟ್ಟಿದ್ದು ಕೃಷ್ಣಾ ಮೇಲ್ದಂಡೆ ಯೋಜನೆಯಿಂದ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಪ್ರಧಾನಿಯಾಗುವುದಕ್ಕೆ ಕೆಲವೇ ದಿನ ಮುಂಚೆ, 1964ರ ಮೇ 22ರಂದು ಆಲಮಟ್ಟಿಯಲ್ಲಿ ಈ ಯೋಜನೆಗೆ ಅಡಿಗಲ್ಲು ಹಾಕಿದರು. ಆಲಮಟ್ಟಿಯ ಕೆಳಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡಿತು. ಅದರ ಅಣೆಕಟ್ಟೆ 29 ಮೀಟರ್ ಎತ್ತರವಿದ್ದು, ಹತ್ತು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆ ಇಂದಿನ ಯಾದಗಿರಿ ಜಿಲ್ಲೆಯ ಕಡೆಗೆ ಹೋದರೆ, ಯೋಜನೆಯ ಎರಡನೆಯ ಹಂತದಲ್ಲಿ ಕೈಗೆತ್ತಿಕೊಂಡ ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗ ಮತ್ತು ರಾಯಚೂರು ತಾಲ್ಲೂಕುಗಳತ್ತ ಸುಮಾರು 95 ಕಿಲೋಮೀಟರ್ ಸಾಗುತ್ತದೆ. 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮ ಇದರ ಹೊಣೆ ಹೊತ್ತಿದೆ. ಮುಖ್ಯ ಕಾಲುವೆಯಿಂದ ಕವಲೊಡೆಯುವ ವಿತರಣಾ ನಾಲೆಗಳು, ಅವುಗಳಿಂದ ಹೊರಡುವ ಲ್ಯಾಟರಲ್‌ಗಳು, ಕೊನೆಗೆ ರೈತನ ಬದುವಿನ ತನಕ ಮುಟ್ಟುವ ಹೊಲಗಾಲುವೆಗಳು ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ದಂಡೆಗಳ ಜಾಲ ಮುಖ್ಯ ಕಾಲುವೆಯ ಉದ್ದದ ಅನೇಕ ಪಟ್ಟಾಗುತ್ತದೆ.

ಕಾಲುವೆಯ ದಂಡೆ ಸೈಕಲ್ಲಿಗೆ ಇಷ್ಟೊಂದು ಒಗ್ಗುವುದಕ್ಕೆ ಕಾರಣ ನೀರಿನ ಸ್ವಭಾವದಲ್ಲೇ ಇದೆ. ರಸ್ತೆ ಕಟ್ಟುವ ಎಂಜಿನಿಯರ್ ಎರಡು ಊರುಗಳ ನಡುವಿನ ದೂರವನ್ನು ಕಡಿಮೆ ಮಾಡಲು ದಿಬ್ಬವನ್ನು ಹತ್ತಿಸಿ ಇಳಿಸಬಲ್ಲ, ಏಕೆಂದರೆ ಲಾರಿಗೆ ಎಂಜಿನ್ ಇದೆ. ಕಾಲುವೆ ಕಟ್ಟುವ ಎಂಜಿನಿಯರ್‌ಗೆ ಆ ಸ್ವಾತಂತ್ರ್ಯವಿಲ್ಲ, ಒಮ್ಮೆ ತಗ್ಗಿದ ನೀರನ್ನು ಪಂಪಿನ ನೆರವಿಲ್ಲದೆ ಮತ್ತೆ ಮೇಲೆತ್ತಲಾಗದು. ಆದ್ದರಿಂದ ಅವನು ನೆಲದ ಸಮೋನ್ನತ ರೇಖೆಯನ್ನು, ಅಂದರೆ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಬಿಂದುಗಳನ್ನು ಕೂಡಿಸುವ ಕಲ್ಪಿತ ಗೆರೆಯನ್ನು, ಹೆಚ್ಚುಕಡಿಮೆ ಅನುಸರಿಸುತ್ತ, ಕಿಲೋಮೀಟರಿಗೆ ಗೇಣೊಂದರ ಆಸುಪಾಸಿನಷ್ಟು ಮಾತ್ರ ಇಳಿಜಾರು ಕೊಡುತ್ತ ಕಾಲುವೆಯನ್ನು ಒಯ್ಯುತ್ತಾನೆ. ಗುಡ್ಡ ಅಡ್ಡ ಬಂದಲ್ಲಿ ಕಾಲುವೆ ಸುತ್ತು ಹಾಕುತ್ತದೆ ಅಥವಾ ಬಂಡೆಯನ್ನು ಸೀಳಿ ಆಳದಲ್ಲಿ ಸಾಗುತ್ತದೆ. ಹಳ್ಳ ಅಡ್ಡ ಬಂದಲ್ಲಿ ಕಂಬಗಳ ಮೇಲೆ ನಿಂತ ಮೇಲ್ಗಾಲುವೆಯಾಗಿ ಅದನ್ನು ದಾಟುತ್ತದೆ. ಕಾಲುವೆಯ ಜೊತೆಗೇ ಸಾಗುವ ದಾರಿಗೂ ಈ ಸಮತಲವೇ ಬಳುವಳಿಯಾಗಿ ಬರುತ್ತದೆ. ಗೇರ್ ಇಲ್ಲದ ಹಳೆಯ ಕಬ್ಬಿಣದ ಸೈಕಲ್ಲಿನಲ್ಲಿ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡವನೂ ಎಲ್ಲಿಯೂ ಇಳಿದು ತಳ್ಳಬೇಕಾಗದಂತಹ ದಾರಿ ದೇವದುರ್ಗದ ಕಲ್ಲುಗುಡ್ಡಗಳ ಸೀಮೆಯಲ್ಲಿ ಬೇರೆ ಇಲ್ಲವೆಂದೇ ಹೇಳಬೇಕು.

ನಾರಾಯಣಪುರ ಬಲದಂಡೆ ಕಾಲುವೆ ಜಲಾಶಯದಿಂದ ಹೊರಟು ಮೂಡಣಕ್ಕೆ ಸಾಗುತ್ತದೆ, ನದಿ ಅದರ ಎಡಕ್ಕೆ, ಉತ್ತರದಲ್ಲಿ ಹರಿಯುತ್ತದೆ. ನೀರು ಹರಿಯುವ ದಿಕ್ಕಿನಲ್ಲೇ ಸೈಕಲ್ ತುಳಿಯುವವನಿಗೆ ಮೇಲ್ಭಾಗದ ಬಹುತೇಕ ಕಡೆ ಎರಡು ಬೇರೆ ನಾಡುಗಳ ನಡುವಿನ ಗಡಿಯ ಮೇಲೆ ಹೋಗುತ್ತಿರುವ ಅನುಭವವಾಗುತ್ತದೆ. ಎಡಗಡೆಯ ತಗ್ಗಿನಲ್ಲಿ, ಕಾಲುವೆಗೂ ನದಿಗೂ ನಡುವೆ, ಅಚ್ಚುಕಟ್ಟು ಪ್ರದೇಶ, ಎಂದರೆ ಕಾಲುವೆಯ ನೀರು ತಾನಾಗಿಯೇ ಇಳಿದು ಮುಟ್ಟಬಲ್ಲ ಹೊಲಗಳ ಹರವು: ಭತ್ತ, ಹತ್ತಿ, ಮೆಣಸಿನಕಾಯಿ. ಬಲಗಡೆಯ ಏರಿನಲ್ಲಿ ಮಳೆಯನ್ನೇ ನಂಬಿದ ಬೆದ್ದಲು ಭೂಮಿ, ತೊಗರಿ, ಸಜ್ಜೆ, ಅದರಾಚೆಗೆ ಒಂದರ ಮೇಲೊಂದು ಕೂತ ಬಂಡೆಗಳ ಗುಡ್ಡ. ದಂಡೆಯ ಅಗಲ ಕೆಲವೇ ಮಾರು. ಅಷ್ಟರಲ್ಲಿ ಒಂದು ಮನೆತನದ ಬೆಳೆ, ಸಾಲ, ಮಗಳ ಮದುವೆ, ಬೆಂಗಳೂರಿಗೆ ಗುಳೆ ಹೋಗುವ ಅನಿವಾರ್ಯತೆ ಎಲ್ಲವೂ ಆಚೀಚೆಯಾಗುತ್ತವೆ. ಬಲಗಡೆಯ ರೈತ ಕಾಲುವೆಯೊಳಕ್ಕೆ ಪೈಪು ಇಳಿಬಿಟ್ಟು ಪಂಪ್‌ಸೆಟ್ಟಿನಿಂದ ನೀರೆತ್ತುವುದನ್ನು ನಿಗಮ ಅಕ್ರಮವೆನ್ನುತ್ತದೆ. ಕಾಲುವೆಯ ತುದಿಯ, ಅಂದರೆ ಟೇಲ್‌ಎಂಡಿನ, ರೈತನೂ ಅದನ್ನೇ ಹೇಳುತ್ತಾನೆ, ಏಕೆಂದರೆ ಕೊನೆಗೆ ನೀರು ತಪ್ಪುವುದು ಅವನಿಗೇ. ಕಾರಿನ ಕಿಟಕಿಯಿಂದ ಇವ್ಯಾವುವೂ ತಿಳಿಯಲಾರವು. ಸೈಕಲ್ಲಿನ ವೇಗಕ್ಕೆ ಪ್ರತಿಯೊಂದು ಪೈಪೂ ಕಣ್ಣಿಗೆ ಬೀಳುತ್ತದೆ.

ದಂಡೆಯ ಮೇಲ್ಮೈ ಎಲ್ಲ ಕಡೆ ಒಂದೇ ಬಗೆಯದಲ್ಲ. ಗರಸು ಹಾಕಿ ರೋಲರ್ ಹಾಯಿಸಿದ ಕಡೆ ಅದು ಹಳ್ಳಿಯ ಕಣದಷ್ಟು ಗಟ್ಟಿಯಾಗಿ, ಗಾಲಿಗೆ ಹಿತವಾಗಿ ಇರುತ್ತದೆ. ಗರಸು ತೊಳೆದುಹೋಗಿ ಎರೆಮಣ್ಣು ಮೇಲೆದ್ದಿರುವ ಕಡೆ ಒಂದು ಹದ ಮಳೆ ಬಿದ್ದರೂ ಸಾಕು, ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ಕಟ್ಟಿಕೊಂಡು, ಚೈನಿಗೂ ಹತ್ತಿ, ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ ತಿರುಗುವುದೇ ನಿಂತುಬಿಡುತ್ತದೆ. ಆಗ ಜಾಲಿಯ ಕಡ್ಡಿಯೊಂದನ್ನು ಮುರಿದುಕೊಂಡು ಮಡ್‌ಗಾರ್ಡ್ ಮತ್ತು ಟೈರಿನ ನಡುವಿನ ಸಂದಿಯಿಂದ ಮಣ್ಣನ್ನು ಗೀರಿ ಗೀರಿ ತೆಗೆಯುವುದು, ಇಲ್ಲವೇ ಸೈಕಲ್ಲನ್ನು ಹೆಗಲಿಗೇರಿಸಿ ನಡೆಯುವುದು, ಇವೆರಡೇ ಉಪಾಯ. ಎರೆಭೂಮಿಯ ಜನ ಮಳೆಗಾಲಕ್ಕೆ ಮಡ್‌ಗಾರ್ಡನ್ನೇ ಬಿಚ್ಚಿಡುವುದರ ಹಿಂದಿನ ಜಾಣ್ಮೆ ಇದು.

ಬೇಸಿಗೆಯ ಶತ್ರು ಬೇರೆ. ನೆಲಕ್ಕೆ ಅಂಟಿಕೊಂಡು ಹಬ್ಬುವ, ಹಳದಿ ಹೂ ಬಿಡುವ ನೆಗ್ಗಿಲು ಗಿಡದ ಕಾಯಿ ಒಣಗಿ ಒಡೆದಾಗ ಅದರ ಪ್ರತಿಯೊಂದು ಹೋಳಿನಲ್ಲೂ ಗಟ್ಟಿಯಾದ ಮುಳ್ಳುಗಳು ಉಳಿಯುತ್ತವೆ, ಮತ್ತು ಹೋಳು ಯಾವ ಮಗ್ಗುಲಾಗಿ ಬಿದ್ದರೂ ಒಂದಾದರೂ ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಪ್ರಾಣಿಗಳ ಪಾದಕ್ಕೆ ಚುಚ್ಚಿಕೊಂಡು ಬೀಜವನ್ನು ದೂರ ಸಾಗಿಸುವುದಕ್ಕೆ ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಸೈಕಲ್ಲಿನ ಟೈರೂ ಅದಕ್ಕೆ ಇನ್ನೊಂದು ಪಾದವೇ. ಇದರ ಜೊತೆಗೆ ದಂಡೆಯ ಎರಡೂ ಕಡೆ ಯಾರೂ ನೆಡದೆ ಬೆಳೆದಿರುವ ಬಳ್ಳಾರಿ ಜಾಲಿಯ ಉದ್ದ ಮುಳ್ಳು. ಪಂಕ್ಚರ್ ಆದಾಗ ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ಕಾಲುವೆಯ ತೂಬಿನ ಬಳಿ ನಿಂತ ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗವನ್ನು ಗುರುತಿಸುವುದು ಸುಲಭ. ಆದರೆ ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ, ಮುರಿದು ಉಳಿದ ಮುಳ್ಳಿನ ಮೊನೆಯನ್ನು ಕೀಳದಿದ್ದರೆ ತೇಪೆ ಹಾಕಿದ ಟ್ಯೂಬು ಮತ್ತೆ ಅಲ್ಲಿಯೇ ತೂತಾಗುತ್ತದೆ. ತೆಳು ಟೈರಿನ ರೇಸಿಂಗ್ ಸೈಕಲ್ಲು ಈ ದಾರಿಗೆ ಬಾರದು. ದಪ್ಪ ಟೈರು, ಜೊತೆಗೊಂದು ಹೆಚ್ಚುವರಿ ಟ್ಯೂಬು, ಪಂಪು, ತೇಪೆಯ ಡಬ್ಬಿ ಇಲ್ಲದೆ ಹೊರಡುವುದು ಸಲ್ಲದು, ಏಕೆಂದರೆ ದಂಡೆಯ ಮೇಲೆ ಸೈಕಲ್ ಶಾಪ್ ಸಿಗುವುದಿಲ್ಲ.

ಕಾಲುವೆಗೆ ತನ್ನದೇ ಪಂಚಾಂಗವಿದೆ. ಜಲಾಶಯದ ಸಂಗ್ರಹವನ್ನು ನೋಡಿಕೊಂಡು ನೀರಾವರಿ ಸಲಹಾ ಸಮಿತಿ ಆಲಮಟ್ಟಿಯಲ್ಲಿ ಸಭೆ ಸೇರಿ, ಮುಂಗಾರಿನ ಬೆಳೆಗೆ ಎಂದಿನಿಂದ ನೀರು ಬಿಡಬೇಕು, ಹಿಂಗಾರಿನ ಬೆಳೆಗೆ ಎಂದಿನವರೆಗೆ ಕೊಡಬೇಕು ಎಂಬುದನ್ನು ಗೊತ್ತುಮಾಡುತ್ತದೆ. ನೀರು ಸಾಲದಾದಾಗ ವಾರಾಬಂದಿ ಜಾರಿಗೆ ಬರುತ್ತದೆ; ಅಂದರೆ ಕಾಲುವೆಯಲ್ಲಿ ಇಂತಿಷ್ಟು ದಿನ ನೀರು ಹರಿಸಿ ಇಂತಿಷ್ಟು ದಿನ ನಿಲ್ಲಿಸುವ ಸರದಿ ಪದ್ಧತಿ. 14 ದಿನ ಚಾಲು, 10 ದಿನ ಬಂದ್ ಎಂಬ ಲೆಕ್ಕ ಇಲ್ಲಿನ ರೈತರಿಗೆ ಹುಣ್ಣಿಮೆ ಅಮಾವಾಸ್ಯೆಗಳಷ್ಟೇ ಪರಿಚಿತ. ಸವಾರನಿಗೆ ಹಿತವಾದ ಕಾಲ ನವೆಂಬರಿನಿಂದ ಫೆಬ್ರುವರಿಯವರೆಗೆ: ದಾರಿ ಒಣಗಿರುತ್ತದೆ, ಕಾಲುವೆಯಲ್ಲಿ ಆಗಾಗ ನೀರಿರುತ್ತದೆ, ತೂಬುಗಳ ಬಳಿ ಬೆಳ್ಳಕ್ಕಿಗಳೂ ಮಿಂಚುಳ್ಳಿಗಳೂ, ತಂತಿಗಳ ಮೇಲೆ ನಾಡಿನ ರಾಜ್ಯಪಕ್ಷಿಯಾದ ನೀಲಕಂಠವೂ ಕಾಣಸಿಗುತ್ತವೆ. ದಾರಿ ಸಮತಟ್ಟಾದ್ದರಿಂದ ದಣಿವನ್ನು ನಿರ್ಧರಿಸುವುದು ಗಾಳಿ. ಮಳೆಗಾಲದ ಪಡುವಣ ಗಾಳಿಯಲ್ಲಿ ಹರಿವಿನ ದಿಕ್ಕಿಗೆ ತುಳಿಯುವುದು ಹಗುರ, ಹಿಂದಿರುಗುವುದು ಭಾರ. ಚಳಿಗಾಲದ ಮೂಡಗಾಳಿಯಲ್ಲಿ ಇದು ತಿರುಗುಮುರುಗು. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಗಿನ ಎಂಟು ಗಂಟೆಯೊಳಗೆ ಮನೆ ಸೇರುವುದು ಕ್ಷೇಮ.

ಮಾನ್ವಿಯ ಕಡೆಯ ದಂಡೆಗಳದು ಬೇರೆ ಚರಿತ್ರೆ. ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು ಕೂಡಿ 1945ರಲ್ಲಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾದು ರಾಯಚೂರಿನತ್ತ 225 ಕಿಲೋಮೀಟರಿಗೂ ಹೆಚ್ಚು ಸಾಗುತ್ತದೆ. ದೇಶದಲ್ಲಿ ಮೆಟ್ರಿಕ್ ಅಳತೆ ಬರುವ ಮುನ್ನವೇ ಯೋಜಿಸಿದ ಕಾಲುವೆಯಾದ್ದರಿಂದ ಇದರ ಜಾಗಗಳನ್ನು ಇಂದಿಗೂ ಮೈಲಿಯಲ್ಲೇ ಹೇಳುತ್ತಾರೆ. ಮೈಲ್ 69ರಲ್ಲಿ ಎಷ್ಟು ಅಡಿ ನೀರಿದೆ, ಮೈಲ್ 104ರ ಗೇಜಿನಲ್ಲಿ ಎಷ್ಟಿದೆ ಎಂಬುದರ ಮೇಲೆ ಮಾನ್ವಿ, ರಾಯಚೂರು ಭಾಗದ ರೈತರ ಧರಣಿಗಳು ನಿರ್ಧಾರವಾಗುತ್ತವೆ. ಈ ದಂಡೆಯ ಮೇಲೆ ಸಾಗುವವರಿಗೆ ಸಾಲುಸಾಲಾಗಿ ಕ್ಯಾಂಪ್‌ಗಳು, ಅಂದರೆ ಭತ್ತದ ಬೇಸಾಯಕ್ಕಾಗಿ ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ಕುಟುಂಬಗಳ ಊರುಗಳು, ಎದುರಾಗುತ್ತವೆ. ಕನ್ನಡದಲ್ಲಿ ದಾರಿ ಕೇಳಿದವರಿಗೆ ತೆಲುಗಿನಲ್ಲಿ ಉತ್ತರ ಬಂದರೂ ದಾರಿ ತಪ್ಪುವುದಿಲ್ಲ. ಮಾನ್ವಿ ಸೀಮೆಯಲ್ಲಿಯೇ ತುಂಗಭದ್ರೆಗೆ ಕಟ್ಟಿದ ರಾಜೋಳಿಬಂಡಾ ಅಣೆಕಟ್ಟೆಯ ಕಾಲುವೆ ಮೊದಲು ಕರ್ನಾಟಕದ ಹೊಲಗಳಿಗೆ ನೀರುಣಿಸಿ ಬಳಿಕ ತೆಲಂಗಾಣವನ್ನು ಹೊಗುತ್ತದೆ.

ನದಿಯ ಪಕ್ಕದಲ್ಲಿಯೇ ಸಾಗಬೇಕೆನ್ನುವವರಿಗೆ ದೇವದುರ್ಗ ತಾಲ್ಲೂಕಿನಲ್ಲಿ ಕಾಲುವೆಯಷ್ಟು ನಿರಂತರವಾದ ದಾರಿ ಇಲ್ಲ. ಅಲ್ಲಿರುವುದು ಹಳ್ಳಿಯಿಂದ ಹಳ್ಳಿಗೆ ಹೋಗುವ ತುಂಡು ರಸ್ತೆಗಳು, ಮತ್ತು ಅವುಗಳ ಕೊನೆಗೆ ಕೃಷ್ಣೆಯ ದಡದ ಕ್ಷೇತ್ರಗಳು: ಲಕ್ಷ್ಮೀನರಸಿಂಹನ ಕೊಪ್ಪರ, ಅಲ್ಲಮಪ್ರಭುವಿನ ಹೆಸರಿನ ಗುಡಿಯೂ ಸೇತುವೆ ಸಹಿತ ಬ್ಯಾರೇಜೂ ಇರುವ ಗೂಗಲ್, ಆಚೆ ದಡದಲ್ಲಿ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ತಿಂಥಣಿ. ಹೂವಿನಹೆಡಗಿಯ ತಗ್ಗು ಸೇತುವೆ ಬಸವಸಾಗರದಿಂದ ಎರಡು ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟಾಗ ಮುಳುಗುವ ಹಂತಕ್ಕೆ ಬರುತ್ತದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ಹಾಗಾಗಿ ಮುಂಗಾರಿನಲ್ಲಿ ನದಿಯ ಕಡೆ ಹೊರಡುವವರು ಜಲಾಶಯದ ಹೊರಹರಿವನ್ನು ಪತ್ರಿಕೆಯಲ್ಲಿ ನೋಡಿಕೊಳ್ಳಬೇಕು. ಈ ಭಾಗದ ಕೃಷ್ಣೆಯಲ್ಲಿ ಮೊಸಳೆಗಳಿವೆ. ಸ್ನಾನಘಟ್ಟವಲ್ಲದ ಕಡೆ ನೀರಿಗಿಳಿಯಬಾರದೆಂದು ದಡದ ಊರವರು ಹೇಳುವ ಮಾತನ್ನು ಹೊರಗಿನವರು ಪಾಲಿಸಲೇಬೇಕು.

ಕಾಡಿನ ವಿಷಯಕ್ಕೆ ಬಂದರೆ ರಾಯಚೂರು ನಾಡಿನಲ್ಲೇ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ಒಂದು. ದಂಡೆದಾರಿಯ ದೊಡ್ಡ ಕೊರತೆ ಇದೇ: ನೆರಳಿಲ್ಲ. ಫ್ರಾನ್ಸ್ ದೇಶದ ದಕ್ಷಿಣದಲ್ಲಿ 1681ರಲ್ಲಿ ಸಂಚಾರಕ್ಕೆ ತೆರೆದ, ಸುಮಾರು 240 ಕಿಲೋಮೀಟರ್ ಉದ್ದದ ಕನಾಲ್ ದ್ಯು ಮಿದಿ ಎಂಬ ದೋಣಿಗಾಲುವೆ ಈ ಸಂದರ್ಭದಲ್ಲಿ ನೆನಪಿಗೆ ಬರಬೇಕಾದದ್ದು. ದಡದ ಮೇಲೆ ಕುದುರೆಗಳು ಹಗ್ಗದಿಂದ ದೋಣಿ ಎಳೆಯುತ್ತಿದ್ದ ದಾರಿ, ದೋಣಿಗಳಿಗೆ ಎಂಜಿನ್ ಬಂದ ಬಳಿಕ ಕೆಲಸ ಕಳೆದುಕೊಂಡು, ಇಂದು ಸೈಕಲ್ ಸವಾರರದಾಗಿದೆ. 19ನೆಯ ಶತಮಾನದಲ್ಲಿ ದಡಗಳುದ್ದಕ್ಕೂ ನೆಟ್ಟ ಪ್ಲೇನ್ ಮರಗಳ ಸಾಲು ಅದರ ಖ್ಯಾತಿಗೆ ಮುಖ್ಯ ಕಾರಣ. 1996ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಹಾಗೆಂದು ಅದನ್ನು ನೋಡಿ ಇಲ್ಲಿ ದಂಡೆಯ ಮೇಲೆಯೇ ಮರ ನೆಡುವುದು ತಪ್ಪಾದೀತು; ಏರಿಯೊಳಕ್ಕೆ ಇಳಿಯುವ ಬೇರು ಸತ್ತು ಕೊಳೆತಾಗ ನೀರು ಜಿನುಗುವ ದಾರಿಯಾಗಿ, ಮುಂದೊಂದು ದಿನ ಕಾಲುವೆ ಒಡೆಯಲು ಕಾರಣವಾಗಬಲ್ಲದು. ಮರಗಳಿಗೆ ತಕ್ಕ ಜಾಗ ದಂಡೆಯ ಬುಡದಿಂದಾಚೆ, ನಿಗಮದ ಗಡಿಕಲ್ಲಿನ ಒಳಗೆ ಇರುವ ನೆಲದ ಪಟ್ಟಿ. ಈಗ ಬಳ್ಳಾರಿ ಜಾಲಿ ಆಕ್ರಮಿಸಿರುವ ಆ ಪಟ್ಟಿಯಲ್ಲಿ ಬೇವು, ಹೊಂಗೆ, ಹುಣಸೆ ಬೆಳೆದರೆ ಟೈರಿಗೂ ಉಳಿವು, ತಲೆಗೂ ನೆರಳು. ಈ ಮರಗಳಿಗೆ ಎರೆಭೂಮಿ ಹೊಸದಲ್ಲ, ನೀರೂ ದೂರವಿಲ್ಲ.

ಈ ದಾರಿಯಲ್ಲಿ ಈಗಾಗಲೇ ಸೈಕಲ್ ತುಳಿಯುವವರು ಯಾರೆಂಬುದನ್ನು ಮರೆತು ಹೊರಗಿನ ಸವಾರರನ್ನು ಕರೆಯುವುದು ಸರಿಯಲ್ಲ. ನೀರಿನ ಮಟ್ಟ ನೋಡಿ ತೂಬು ಏರಿಸಿ ಇಳಿಸುವ ಗ್ಯಾಂಗ್‌ಮನ್‌ಗಳು, ಹೊಲಕ್ಕೆ ಬುತ್ತಿ ಒಯ್ಯುವವರು, ಮೇವಿನ ಹೊರೆ ತರುವವರು, ಪ್ರೌಢಶಾಲೆಗೆ ಹೋಗುವ ಮಕ್ಕಳು ಇದರ ಹಳೆಯ ಬಳಕೆದಾರರು. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಾಗ, ಹೈಸ್ಕೂಲು ಇಲ್ಲದ ಊರುಗಳ ಹೆಣ್ಣುಮಕ್ಕಳು ಗುಂಪುಗುಂಪಾಗಿ ಪಕ್ಕದೂರಿನ ಶಾಲೆಗೆ ಸೈಕಲ್ಲಿನಲ್ಲಿ ಹೋಗುವುದು ರಾಜ್ಯದೆಲ್ಲೆಡೆ ದಿನನಿತ್ಯದ ನೋಟವಾಯಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ಸೈಕಲ್ ಕೊಡುವುದರಷ್ಟೇ ಮುಖ್ಯವಾದದ್ದು ಅದನ್ನು ತುಳಿಯಲು ದಾರಿ ಕೊಡುವುದು. ಟಿಪ್ಪರ್ ಓಡುವ ಹೆದ್ದಾರಿಗೆ ಮಗಳನ್ನು ಕಳುಹಿಸಲು ಹೆದರುವ ತಾಯಿ ದಂಡೆಯ ದಾರಿ ಗಟ್ಟಿಯಿದ್ದರೆ ಕಳುಹಿಸಿಯಾಳು.

ಆದರೆ ದಂಡೆಗೂ ತನ್ನದೇ ಅಪಾಯವಿದೆ, ಅದನ್ನು ಮುಚ್ಚಿಟ್ಟು ಈ ದಾರಿಯನ್ನು ಹೊಗಳಲಾಗದು. ಕಾಲುವೆಯ ಒಳಮೈಗೆ ಹಾಕಿದ ಕಾಂಕ್ರೀಟಿನ ಹೊದಿಕೆ ನೀರು ಇಂಗದಂತೆ ತಡೆಯುತ್ತದೆ. ಪಾಚಿ ಕಟ್ಟಿದ ಅದೇ ಹೊದಿಕೆ, ಒಳಗೆ ಜಾರಿದವರ ಕೈಗೆ ಯಾವ ಆಸರೆಯನ್ನೂ ಕೊಡುವುದಿಲ್ಲ. ಈಜು ಬಲ್ಲವರೂ ಸೆಳವಿಗೆ ಸಿಕ್ಕಿ ಜೀವ ಕಳೆದುಕೊಂಡ ಸುದ್ದಿಗಳು ಅಚ್ಚುಕಟ್ಟಿನ ಎಲ್ಲ ತಾಲ್ಲೂಕುಗಳಿಂದಲೂ ಬರುತ್ತವೆ. ತಡೆಗೋಡೆಯನ್ನು ಉದ್ದಕ್ಕೂ ಕಟ್ಟುವುದು ಆಗದ ಮಾತಾದರೂ, ಊರುಗಳ ಬಳಿ, ಸೇತುವೆಗಳಲ್ಲಿ, ತಿರುವುಗಳಲ್ಲಿ ಕಂಬಿ ಹಾಕುವುದು, ಅಲ್ಲಲ್ಲಿ ಒಳಮೈಗೆ ಮೆಟ್ಟಿಲು ಕೂರಿಸುವುದು, ಮೆಟ್ಟಿಲಿನ ಪಕ್ಕ ಕೈಗೆ ಸಿಗುವಂತೆ ಸರಪಳಿ ಇಳಿಬಿಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಬಟ್ಟೆ ಒಗೆಯಲು ಬರುವ ಹೆಂಗಸರಿಗೂ, ದನಕ್ಕೆ ನೀರು ಕುಡಿಸುವವರಿಗೂ ಈ ಮೆಟ್ಟಿಲುಗಳು ಸೈಕಲ್ಲಿನವರಿಗಿಂತ ಹೆಚ್ಚು ಬೇಕಾಗಿವೆ.

ದಂಡೆ ಸಾರ್ವಜನಿಕ ಹೆದ್ದಾರಿಯಲ್ಲ, ನಿಗಮದ ಆಸ್ತಿ. ಭಾರದ ವಾಹನಗಳು ಓಡಾಡಿದರೆ ಏರಿ ಕುಸಿಯುತ್ತದೆ, ಆಳವಾದ ಗಾಲಿಜಾಡುಗಳಲ್ಲಿ ಮಳೆನೀರು ನಿಂತು ಗರಸು ಕಿತ್ತುಬರುತ್ತದೆ. ಆದ್ದರಿಂದ ಕಾಲುವೆಯ ಆಯುಸ್ಸನ್ನು ಕಾಯುವವರಿಗೂ ಸೈಕಲ್ಲಿನವರಿಗೂ ಬೇಕಾದದ್ದು ಒಂದೇ, ಟಿಪ್ಪರ್ ದಂಡೆಗೆ ಹತ್ತಬಾರದು. ಮುಖ್ಯ ರಸ್ತೆಯಿಂದ ದಂಡೆಗೆ ತಿರುಗುವ ಕಡೆ ಈ ಸೀಮೆಯದೇ ಕಲ್ಲುಕಂಬಗಳನ್ನು ಸೈಕಲ್ಲೊಂದು ತೂರುವಷ್ಟು ಅಂತರದಲ್ಲಿ ನೆಟ್ಟರೆ ಸಾಕೆಂದು ಮೊದಲ ನೋಟಕ್ಕೆ ತೋರುತ್ತದೆ; ಆದರೆ ಬಿತ್ತನೆಗೂ ಸುಗ್ಗಿಗೂ ರೈತನ ಟ್ರ್ಯಾಕ್ಟರ್ ಹೊಲ ಮುಟ್ಟಬೇಕಾದದ್ದು ಎಷ್ಟೋ ಕಡೆ ಇದೇ ದಂಡೆಯ ಮೇಲೆ, ಅವನಿಗೆ ಬೇರೆ ದಾರಿಯಿಲ್ಲ. ಕಂಬಗಳ ನಡುವೆ ತೆಗೆದು ಹಾಕಬಹುದಾದ ಕಬ್ಬಿಣದ ಅಡ್ಡಪಟ್ಟಿಯೊಂದನ್ನು ಇಟ್ಟು, ಅದರ ಬೀಗದ ಕೈಯನ್ನು ಆಯಾ ಊರಿನ ನೀರು ಬಳಕೆದಾರರ ಸಹಕಾರ ಸಂಘದ ವಶಕ್ಕೆ ಕೊಡುವುದು ಇದಕ್ಕೆ ಒಪ್ಪುವ ಏರ್ಪಾಡು. ಯಾವ ಹೊಲಕ್ಕೆ ಯಾವಾಗ ನೀರು, ಯಾರ ರಾಶಿ ಯಾವತ್ತು ಎಂಬುದನ್ನು ಬಲ್ಲ ಆ ಸಂಘದವರಿಗೆ, ಮರಳಿನ ಗಾಡಿ ಯಾವುದು, ಭತ್ತದ ಗಾಡಿ ಯಾವುದು ಎಂದು ಹೇಳಿಕೊಡಬೇಕಾಗಿಲ್ಲ.